ಕೊಡುವವರ ಮನೆಯಲ್ಲಿ ಇದ್ದದ್ದು

ಶ್ರೀಮಂತ ದೇಶಗಳು ಬಡ ದೇಶಗಳಿಗೆ ಎಷ್ಟು ಕೊಟ್ಟವು ಎಂಬ ಪಟ್ಟಿಯನ್ನು ಪ್ಯಾರಿಸ್ಸಿನ ಒಇಸಿಡಿ ಸಂಸ್ಥೆ ವರ್ಷವರ್ಷವೂ ಹೊರಡಿಸುತ್ತದೆ. 2024ರ ಪಟ್ಟಿಯಲ್ಲಿ ತಮ್ಮ ರಾಷ್ಟ್ರೀಯ ಆದಾಯದ ಶೇ 0.7ರಷ್ಟಾದರೂ ಕೊಟ್ಟವು ನಾಲ್ಕೇ ದೇಶಗಳು. ನಾರ್ವೆ, ಲಕ್ಸೆಂಬರ್ಗ್, ಸ್ವೀಡನ್ ಮತ್ತು ಡೆನ್ಮಾರ್ಕ್. ಮೊತ್ತದ ಲೆಕ್ಕದಲ್ಲಿ ಎಲ್ಲರಿಗಿಂತ ಮುಂದಿದ್ದ ಅಮೆರಿಕ ಆದಾಯದ ಪಾಲಿನಲ್ಲಿ ಶೇ 0.22ಕ್ಕೆ ನಿಂತಿತ್ತು. ನಾರ್ವೆಯದು ಶೇ 1.02. ಜನಸಂಖ್ಯೆ 55 ಲಕ್ಷ, ಅಂದರೆ ಬೆಂಗಳೂರಿನ ಅರ್ಧವೂ ಇಲ್ಲ. ಅಷ್ಟು ಸಣ್ಣ ದೇಶ ದಶಕಗಳಿಂದ ಹೆಚ್ಚುಕಡಿಮೆ ಶೇಕಡಾ ಒಂದರ ಆಸುಪಾಸಿನಲ್ಲೇ ಕೊಡುತ್ತ ಬಂದಿದೆ. ಎಡಪಕ್ಷದ ಸರ್ಕಾರ ಬಂದರೂ ಬಲಪಕ್ಷದ ಸರ್ಕಾರ ಬಂದರೂ ಈ ಅಂಕಿ ಹೆಚ್ಚು ಅಲುಗಾಡುವುದಿಲ್ಲ. ನೆರೆಯ ಸ್ವೀಡನ್ ಶೇಕಡಾ ಒಂದರ ಗುರಿಯನ್ನು ಕೈಬಿಟ್ಟಾಗಲೂ ನಾರ್ವೆ ಬಿಡಲಿಲ್ಲ.

ಇದನ್ನು ಮೆಚ್ಚಬೇಕು, ಮೆಚ್ಚುತ್ತೇನೆ. ಆದರೆ ವಿದೇಶಿ ನೆರವನ್ನು ಒಂದು ಕೃತಿಯೆಂದು ಇಟ್ಟುಕೊಂಡು ಓದಲು ಕೂತರೆ ಶೇಕಡಾ ಒಂದು ಎಂಬುದು ಅದರ ಮುಖಪುಟ ಮಾತ್ರ. ಕೊಡುವವನ ಆದಾಯದಲ್ಲಿ ಎಷ್ಟು ಪಾಲು ಹೊರಗೆ ಹೋಯಿತು ಎಂಬುದನ್ನು ಅದು ಹೇಳುತ್ತದೆ. ಹೋದದ್ದು ಏನು, ಅದು ಯಾರ ಅಂಗಳಕ್ಕೆ ಬಿತ್ತು, ಬಿದ್ದ ಮೇಲೆ ಅಲ್ಲಿ ಏನಾಯಿತು ಎಂಬುದಕ್ಕೆ ಒಳಪುಟ ತಿರುವಬೇಕು. ಹಾಗೆ ತಿರುವುತ್ತ ಹೋದಂತೆ ಒಂದು ವಿಷಯ ಮತ್ತೆ ಮತ್ತೆ ಎದುರಾಗುತ್ತದೆ. ನಾರ್ವೆ ಪ್ರತಿಕಾಲದಲ್ಲೂ ಕೊಟ್ಟದ್ದು ಆ ಕಾಲಕ್ಕೆ ತನ್ನ ಮನೆಯಲ್ಲಿ ಏನು ಹೇರಳವಾಗಿತ್ತೋ ಅದನ್ನೇ. ಮೊದಲು ಮೀನುಗಾರಿಕೆಯ ವಿದ್ಯೆ, ಆಮೇಲೆ ಹಡಗು, ಆಮೇಲೆ ಎಣ್ಣೆಯ ಜ್ಞಾನ, ಎಣ್ಣೆಯ ಹಣ ಹೆಚ್ಚಾದಾಗ ಕಾಡಿನ ಚಿಂತೆ. ಪಡೆದವರಿಗೆ ಅದೇ ಬೇಕಿತ್ತೇ ಎಂಬ ಪ್ರಶ್ನೆ ಸಾಮಾನ್ಯವಾಗಿ ಹತ್ತು ಹದಿನೈದು ವರ್ಷ ತಡವಾಗಿ ಬಂದಿದೆ.

ಮೊದಲ ಅಧ್ಯಾಯ ನಮ್ಮ ಕಡಲಿನದೇ. 1952ರಲ್ಲಿ ನಾರ್ವೆಯ ಸಂಸತ್ತು ಭಾರತಕ್ಕೆಂದು ಒಂದು ನಿಧಿ ಮಾಡಿತು. ಆರಂಭದ ಮೊತ್ತ ಒಂದು ಕೋಟಿ ಕ್ರೋನರ್. ಆಗಿನ್ನೂ ನಾರ್ವೆ ಸಿರಿವಂತ ದೇಶವಾಗಿರಲಿಲ್ಲ. ಜರ್ಮನರ ಆಕ್ರಮಣದಿಂದ ಎದ್ದು ನಿಲ್ಲಲು ತಾನೇ ಅಮೆರಿಕದ ಮಾರ್ಷಲ್ ನೆರವು ಪಡೆಯುತ್ತಿತ್ತು. ಸ್ವಂತಕ್ಕೆ ಕಾರು ಕೊಳ್ಳಲು 1960ರವರೆಗೂ ಅಲ್ಲಿ ಪರವಾನಗಿ ಬೇಕಿತ್ತು. ಅಂಥ ದೇಶ ಭಾರತಕ್ಕೆ ನೆರವು ಕೊಡಲು ಹೊರಟದ್ದರ ಹಿಂದೆ ಒಳ್ಳೆಯತನವೂ ಇತ್ತು, ರಾಜಕೀಯವೂ ಇತ್ತು. 1949ರಲ್ಲಿ ನ್ಯಾಟೋ ಸೇರಿದ್ದಕ್ಕೆ, ರಕ್ಷಣಾ ವೆಚ್ಚ ಏರಿದ್ದಕ್ಕೆ ಆಡಳಿತಾರೂಢ ಲೇಬರ್ ಪಕ್ಷದ ಎಡಪಂಥೀಯರು ಮುನಿಸಿಕೊಂಡಿದ್ದರು. ಶಸ್ತ್ರಾಸ್ತ್ರಕ್ಕಷ್ಟೇ ಅಲ್ಲ, ಶಾಂತಿಯ ಕೆಲಸಕ್ಕೂ ಹಣವಿದೆ ಎಂದು ಅವರಿಗೆ ತೋರಿಸಬೇಕಿತ್ತು ಎಂದು ಆ ದೇಶದ ಇತಿಹಾಸಕಾರರೇ ಬರೆದಿದ್ದಾರೆ. 1952ರ ಅಕ್ಟೋಬರ್‌ನಲ್ಲಿ ವಿಶ್ವಸಂಸ್ಥೆ, ಭಾರತ ಮತ್ತು ನಾರ್ವೆ ಒಪ್ಪಂದಕ್ಕೆ ಸಹಿ ಹಾಕಿದವು. ತಿರುವಾಂಕೂರು–ಕೊಚ್ಚಿ ರಾಜ್ಯದ ಕೊಲ್ಲಂ ಪಕ್ಕದ ನೀಂಡಕರ, ಶಕ್ತಿಕುಳಂಗರ, ಪುತ್ತನ್‌ತುರ ಎಂಬ ಹಳ್ಳಿಗಳಲ್ಲಿ ಇಂಡೋ–ನಾರ್ವೀಜಿಯನ್ ಯೋಜನೆ ಶುರುವಾಯಿತು.

ಯೋಜನೆಯ ಆಶಯ ಓದಿದರೆ ಇವತ್ತಿಗೂ ತಲೆದೂಗಬೇಕು. ಬಡ ಮೀನುಗಾರರ ದುಡಿಮೆ ಹೆಚ್ಚಬೇಕು, ಸುತ್ತಲಿನ ಜನರಿಗೆ ಅಗ್ಗದ ತಾಜಾ ಮೀನು ಸಿಗಬೇಕು, ಊರಿಗೆ ನಲ್ಲಿ ನೀರು, ಆಸ್ಪತ್ರೆ, ಪಾಯಿಖಾನೆ ಬರಬೇಕು. ಮೀನು, ನೀರು, ಆರೋಗ್ಯ ಮೂರನ್ನೂ ಒಟ್ಟಿಗೆ ಹಿಡಿದದ್ದು ಆ ಕಾಲಕ್ಕೆ ದೊಡ್ಡ ಮಾತು. ಮೊದಲು ಅಲ್ಲಿನ ನಾಡದೋಣಿಗಳಾದ ವಳ್ಳಗಳಿಗೇ ಎಂಜಿನ್ ಕೂರಿಸಿ ನೋಡಿದರು, ಒಗ್ಗಲಿಲ್ಲ. ಹೊಸ ದೋಣಿಗಳ ನಕ್ಷೆ ಮಾಡಿದರು, ದೋಣಿ ಕಟ್ಟುವ ಕಾರ್ಖಾನೆ ತೆರೆದರು, ಮಂಜುಗಡ್ಡೆ ಘಟಕ ಬಂತು, ಹತ್ತಿ ಬಲೆಯ ಜಾಗಕ್ಕೆ ನೈಲಾನ್ ಬಲೆ ಬಂತು. ಆದರೆ ಎಂಜಿನ್ ದೋಣಿಯನ್ನು ವಳ್ಳದ ಹಾಗೆ ಅಲೆಯ ಮೇಲೆ ತೇಲಿಸಿ ಮನೆ ಮುಂದಿನ ಮರಳಿಗೆ ಎಳೆದು ಹಾಕಲು ಬರುವುದಿಲ್ಲ. ಅದಕ್ಕೆ ಅಳಿವೆ ಬೇಕು, ನಿಲ್ಲಲು ತಡಿ ಬೇಕು. ಅಷ್ಟಮುಡಿ ಹಿನ್ನೀರು ಕಡಲು ಸೇರುವ ನೀಂಡಕರದ ಅಳಿವೆ ಇದ್ದವರಿಗೆ ಅನುಕೂಲವಾಯಿತು. ಕಡಲಂಚಿನ ಮರಳಿನಲ್ಲೇ ವಳ್ಳ ಇಳಿಸಿ ಬದುಕುತ್ತಿದ್ದವರ ಪಾಲಿಗೆ ಹೊಸ ದೋಣಿ ಪಕ್ಕದೂರಿನ ಸಂಗತಿಯಾಯಿತು.

ಆಮೇಲೆ ಸಿಗಡಿ ಬಂತು. ಅದುವರೆಗೆ ಒಣಗಿಸಿ ಬರ್ಮಾಕ್ಕೆ ಕಳಿಸುತ್ತಿದ್ದ, ಅಂಥ ಬೆಲೆಯೇನೂ ಇಲ್ಲದ ಸಿಗಡಿಗೆ 1950ರ ದಶಕದಲ್ಲಿ ಅಮೆರಿಕದ ಮಾರುಕಟ್ಟೆ ತೆರೆಯಿತು. ಹೆಪ್ಪುಗಟ್ಟಿಸಿ ಹಡಗಿಗೆ ಹಾಕಿದರೆ ಡಾಲರು. ನಾರ್ವೆಯವರು ತಂದ ಮಂಜುಗಡ್ಡೆ ಘಟಕ, ಎಂಜಿನ್ ದೋಣಿ, ತಳ ಗೋರುವ ಟ್ರಾಲ್ ಬಲೆ ಈ ವ್ಯಾಪಾರಕ್ಕೆ ಹೇಳಿ ಮಾಡಿಸಿದಂತಿದ್ದವು. ಊರಿನವರ ತಟ್ಟೆಗೆ ಮೀನು ಹಾಕಲೆಂದು ಹೊರಟ ಯೋಜನೆ ದೂರದೇಶದ ತಟ್ಟೆಗೆ ಸಿಗಡಿ ಕಳಿಸುವ ಯೋಜನೆಯಾಯಿತು. ಯಾರೂ ಹಾಗೆಂದು ತೀರ್ಮಾನ ಮಾಡಿರಲಿಲ್ಲ. ಕಡಲಿಗೆ ಇಳಿಯದ ವರ್ತಕರೂ ಬೋಟು ಕಟ್ಟಿಸಿದರು. ನಾರ್ವೆಯ ಮಾನವಶಾಸ್ತ್ರಜ್ಞ ಆರ್ನೆ ಮಾರ್ಟಿನ್ ಕ್ಲೌಸೆನ್ ಈ ಹಳ್ಳಿಗಳಲ್ಲಿ ಕೂತು ಅಧ್ಯಯನ ಮಾಡಿ 1968ರಲ್ಲಿ ಪುಸ್ತಕ ಬರೆದರು. ಶಕ್ತಿಕುಳಂಗರದ ಲ್ಯಾಟಿನ್ ಕ್ರೈಸ್ತರಿಗೂ ಪುತ್ತನ್‌ತುರದ ಅರಯ ಹಿಂದೂಗಳಿಗೂ ಇದ್ದ ವ್ಯತ್ಯಾಸ, ಯೋಜನೆಯ ಲಾಭ ಮೊದಲನೆಯವರ ಕಡೆಗೇ ಹೆಚ್ಚು ಹರಿದದ್ದು, ಊರಿನ ಸಮಾಜ ಹೇಗಿದೆ ಎಂದು ಸರಿಯಾಗಿ ನೋಡದೆಯೇ ತಂತ್ರಜ್ಞರು ಕೆಲಸಕ್ಕಿಳಿದದ್ದು ಎಲ್ಲವೂ ಅದರಲ್ಲಿದೆ. ನಂತರ ಅರ್ಥಶಾಸ್ತ್ರಜ್ಞ ಜಾನ್ ಕುರಿಯನ್ ಇದೇ ಕತೆಯನ್ನು ಕೇರಳದ ಕಡೆಯಿಂದ ಇನ್ನೂ ಖಾರವಾಗಿ ಬರೆದರು. ಟ್ರಾಲ್ ಬೋಟಿನವರಿಗೂ ನಾಡದೋಣಿಯವರಿಗೂ ಕಡಲಲ್ಲೇ ಹೊಡೆದಾಟಗಳಾಗಿ, ವರ್ಷಗಟ್ಟಲೆ ಸತ್ಯಾಗ್ರಹ ನಡೆದು, ಕೊನೆಗೆ 1988ರಲ್ಲಿ ಕೇರಳ ಸರ್ಕಾರ ಮಳೆಗಾಲದ ಟ್ರಾಲಿಂಗ್ ನಿಷೇಧಿಸಿತು.

ಕರ್ನಾಟಕದವರು ಇದನ್ನು ಪಕ್ಕದ ಮನೆಯ ಜಗಳವೆಂದು ನೋಡುವಂತಿಲ್ಲ. 1960ರ ದಶಕದಲ್ಲಿ ಯೋಜನೆ ಕಣ್ಣೂರು, ತಮಿಳುನಾಡಿನ ಮಂಟಪಂ ಜತೆಗೆ ನಮ್ಮ ಕಾರವಾರಕ್ಕೂ ಹಬ್ಬಿತು. ಅದರ ಕೊನೆಯ ಘಟ್ಟದಲ್ಲಿ ಕೊಚ್ಚಿಯಲ್ಲಿ ನಡೆದ ಪ್ರಯೋಗಗಳಲ್ಲಿ ಪರ್ಸೀನ್ ಬಲೆಯದೂ ಒಂದು. 1972ರಲ್ಲಿ ನಾರ್ವೆಯವರು ಗಂಟುಮೂಟೆ ಕಟ್ಟಿದರು. ಎಪ್ಪತ್ತರ ದಶಕದ ನಡುವಿನಲ್ಲಿ ಮಂಗಳೂರಿನ ಕಡೆ ಪರ್ಸೀನ್ ಬೋಟುಗಳು ಇಳಿದವು, ನಾಲ್ಕೈದು ವರ್ಷಗಳಲ್ಲಿ ನೂರಾರು ಆದವು. ಅದರೊಂದಿಗೆ ರಂಪಣಿಯ ಕಾಲ ಮುಗಿಯಿತು.

ರಂಪಣಿ ನೋಡದ ತಲೆಮಾರು ಈಗ ಕರಾವಳಿಯಲ್ಲೂ ಇದೆ, ಆದ್ದರಿಂದ ಎರಡು ಮಾತು. ದಡಕ್ಕೆ ಬಂಗುಡೆಯ ಹಿಂಡು ಬಂದಿದೆ ಎಂದು ನೀರಿನ ಬಣ್ಣದಲ್ಲೇ ಗುರುತಿಸುವವನೊಬ್ಬ ಇರುತ್ತಿದ್ದ. ಅವನು ಕೂಗಿದರೆ ದೋಣಿ ಇಳಿಯಬೇಕು. ಬಲೆಯನ್ನು ಅರ್ಧಚಂದ್ರದ ಹಾಗೆ ಕಡಲಲ್ಲಿ ಬಿಡುತ್ತ ಹೋಗಿ ಎರಡೂ ತುದಿಯ ಹಗ್ಗವನ್ನು ದಡಕ್ಕೆ ತಂದರೆ ಊರಿಗೆ ಊರೇ ಎರಡು ಸಾಲಾಗಿ ನಿಂತು, ಮೊಣಕಾಲುದ್ದದ ನೀರಲ್ಲಿ ಹಿಂದಕ್ಕೆ ಜಗ್ಗಿ ಎಳೆಯುವುದು. ಬಲೆಯ ತುಂಡುಗಳು ಒಂದೊಂದು ಮನೆಯವು, ಎಳೆಯುವ ಕೈಗಳು ಒಂದೊಂದು ಮನೆಯವು, ಬಂದ ಮೀನಲ್ಲಿ ಬಲೆಗೂ ಪಾಲು ಕೈಗೂ ಪಾಲು. ಇದೇನೂ ರಾಮರಾಜ್ಯವಾಗಿರಲಿಲ್ಲ. ಅಲ್ಲೂ ಯಜಮಾನರಿದ್ದರು, ಸಾಲವಿತ್ತು, ಜಾತಿಯಿತ್ತು. ಆದರೂ ಮೀನು ದಡಕ್ಕೆ ಬರುವವರೆಗೆ ಕಾಯುವ ಬಲೆ ಅದು. ಹಿಂಡನ್ನು ಹುಡುಕಿಕೊಂಡು ಹೋಗಿ ಕಡಲಲ್ಲೇ ಸುತ್ತುವರಿದು ಚೀಲದ ಬಾಯಿ ಕಟ್ಟಿದಂತೆ ತಳ ಬಿಗಿಯುವ ಪರ್ಸೀನಿನ ಮುಂದೆ ಅದು ನಿಲ್ಲಲಾರದೆ ಹೋಯಿತು.

ಇದಕ್ಕೆಲ್ಲ ನಾರ್ವೆಯೇ ಕಾರಣ ಎಂದರೆ ನ್ಯಾಯವಲ್ಲ. ಪರ್ಸೀನ್ ಬೋಟಿಗೆ ಸಾಲ ಕೊಟ್ಟದ್ದು ನಮ್ಮ ಬ್ಯಾಂಕುಗಳು, ಪರವಾನಗಿ ಕೊಟ್ಟದ್ದು ನಮ್ಮ ಸರ್ಕಾರಗಳು, ಲಾಭ ಮಾಡಿದ್ದು ನಮ್ಮವರೇ. ಕರಾವಳಿಯ ಮೀನುಗಾರರಾದ ಮೊಗವೀರರಲ್ಲೇ ಅನೇಕರು ಆ ಬೋಟುಗಳಿಂದ ಮೇಲೆ ಬಂದರು, ಮಕ್ಕಳನ್ನು ಓದಿಸಿದರು. ನೀಂಡಕರ ಇವತ್ತು ಕೇರಳದ ದೊಡ್ಡ ಮೀನುಗಾರಿಕಾ ಬಂದರುಗಳಲ್ಲೊಂದು. ಯೋಜನೆಯ ಕಾಲದ ಆಸ್ಪತ್ರೆಯ ಬಗ್ಗೆ ಅಲ್ಲಿ ಕೆಟ್ಟ ಮಾತು ಆಡುವವರು ಕಡಿಮೆ. ನನ್ನ ತಕರಾರು ಬೇರೆ. ಬಡತನಕ್ಕೆ ಮದ್ದು ಮೀನುಗಾರಿಕೆಯೇ ಎಂದು ಮೊದಲೇ ನಿಶ್ಚಯವಾಗಿತ್ತು, ಏಕೆಂದರೆ ನಾರ್ವೆಗೆ ಗೊತ್ತಿದ್ದದ್ದು ಅದು. ಭಾರತದ ಬಡವರಲ್ಲಿ ಬಹುಪಾಲು ಜನ ಕಡಲಿನಿಂದ ದೂರದ ಹಳ್ಳಿಗಳಲ್ಲಿದ್ದರು.

ಗೊತ್ತಿದ್ದದ್ದನ್ನೇ ಕೊಡುವ ಈ ಚಾಳಿ ಕೆನ್ಯಾದಲ್ಲಿ ಹಾಸ್ಯಾಸ್ಪದವಾಯಿತು. ಉತ್ತರ ಕೆನ್ಯಾದ ತುರ್ಕಾನ ಸರೋವರದ ದಡದಲ್ಲಿ ಬರಕ್ಕೆ ಜಾನುವಾರು ಕಳೆದುಕೊಂಡ ದನಗಾಹಿಗಳನ್ನು ಮೀನುಗಾರರನ್ನಾಗಿ ಮಾಡಲು ನೊರಾಡ್, ಅಂದರೆ 1968ರಲ್ಲಿ ಸ್ಥಾಪನೆಯಾದ ನಾರ್ವೆಯ ನೆರವು ಸಂಸ್ಥೆ, ಕೈಹಾಕಿತು. ಕಲೊಕೋಲ್ ಎಂಬಲ್ಲಿ ಮೀನು ಹೆಪ್ಪುಗಟ್ಟಿಸುವ ಕಾರ್ಖಾನೆ ಎದ್ದಿತು. ಮರುಭೂಮಿಯ ಬಿಸಿಲಲ್ಲಿ ಮೀನನ್ನು ಹೆಪ್ಪುಗಟ್ಟಿಸಲು ಬೇಕಾದಷ್ಟು ವಿದ್ಯುತ್ತೂ ಇರಲಿಲ್ಲ, ಶುದ್ಧ ನೀರೂ ಇರಲಿಲ್ಲ. ಕೆಲವೇ ದಿನ ನಡೆದು ಯಂತ್ರಗಳು ನಿಂತವು. ಆಮೇಲೆ ಸರೋವರದ ಆ ಕೊಲ್ಲಿಯೇ ಬತ್ತಿತು. ದನವೂ ಇಲ್ಲ, ಮೀನೂ ಇಲ್ಲದ ಜನ ಪರಿಹಾರದ ಅನ್ನಕ್ಕೆ ಕೈಚಾಚಿದರು. ತುರ್ಕಾನ ಜನರಲ್ಲಿ ದನ ಕಳೆದುಕೊಂಡವನಷ್ಟೇ ಮೀನಿಗೆ ಕೈ ಹಾಕುತ್ತಾನೆ, ಮಳೆ ಬಂದು ನಾಲ್ಕು ಆಡು ಕೂಡಿದರೆ ಹಿಂದಿರುಗುತ್ತಾನೆ ಎಂಬುದು ಅಲ್ಲಿನ ಯಾರನ್ನು ಕೇಳಿದ್ದರೂ ತಿಳಿಯುತ್ತಿತ್ತು. 1990ರಲ್ಲಿ ಬೇರೊಂದು ರಾಜಕೀಯ ಕಾರಣಕ್ಕೆ ಕೆನ್ಯಾ ನಾರ್ವೆಯೊಂದಿಗಿನ ರಾಜತಾಂತ್ರಿಕ ಸಂಬಂಧವನ್ನೇ ಕಡಿದುಕೊಂಡಿತು.

ಹಡಗಿನ ಪ್ರಕರಣ ಇದಕ್ಕಿಂತ ಸ್ವಾರಸ್ಯದ್ದು. ನಾನು ಮೆಚ್ಚುವ ನಾರ್ವೆ ಇರುವುದೂ ಅದರಲ್ಲೇ. 1973ರ ತೈಲ ಬಿಕ್ಕಟ್ಟಿನ ನಂತರ ಹಡಗು ಕೊಳ್ಳುವವರಿಲ್ಲದೆ ನಾರ್ವೆಯ ಹಡಗುಕಟ್ಟೆಗಳು ಮುಚ್ಚುವ ಸ್ಥಿತಿಗೆ ಬಂದವು. ಕಾರ್ಮಿಕರ ಕೆಲಸ ಉಳಿಸಲು ಸರ್ಕಾರ ಒಂದು ಉಪಾಯ ಹೂಡಿತು. 1976ರಿಂದ 1980ರವರೆಗೆ ಬಡ ದೇಶಗಳಿಗೆ ಸಾಲದ ಮೇಲೆ ಹಡಗು ಮಾರಿ, ಸಾಲಕ್ಕೆ ತಾನೇ ಖಾತರಿ ನಿಂತಿತು. 21 ದೇಶಗಳಿಗೆ 156 ಹಡಗುಗಳು ಹೋದವು. ಕೊಂಡ ದೇಶಕ್ಕೆ ಆ ಹಡಗಿನಿಂದ ದುಡಿಮೆ ಆದೀತೇ ಎಂದು ಸರಿಯಾಗಿ ನೋಡಿದವರಿಲ್ಲ. ಇದಕ್ಕೆ ಅಭಿವೃದ್ಧಿ ಸಹಕಾರದ ಬಣ್ಣವನ್ನೂ ಹಚ್ಚಿದ್ದರು. ವ್ಯಾಪಾರ ಕೈಕೊಟ್ಟು ಸಾಲ ಬೆಳೆದು ದೇಶಗಳು ದಶಕಗಟ್ಟಲೆ ಅದನ್ನು ತೀರಿಸುತ್ತ ಕೂತವು. ನಾರ್ವೆಯ ಸಾಲವಿಮೋಚನಾ ಚಳವಳಿಯವರು, ಚರ್ಚಿನವರು ಬಿಡದೆ ಬೆನ್ನುಹತ್ತಿದರು. 2006ರ ಅಕ್ಟೋಬರ್‌ನಲ್ಲಿ ಅಭಿವೃದ್ಧಿ ಸಚಿವ ಎರಿಕ್ ಸೂಲ್ಹೈಮ್ ಈಕ್ವೆಡಾರ್, ಈಜಿಪ್ಟ್, ಜಮೈಕಾ, ಪೆರು ಮತ್ತು ಸಿಯೆರಾ ಲಿಯೋನ್ ದೇಶಗಳ ಸುಮಾರು 52 ಕೋಟಿ ಕ್ರೋನರ್ ಸಾಲವನ್ನು ಮನ್ನಾ ಮಾಡುವುದಾಗಿ ಘೋಷಿಸಿದರು. ಸಾಲಗಾರರು ಬಡವರು ಎಂಬ ಕಾರಣ ಕೊಡಲಿಲ್ಲ. ಈ ಸಾಲ ಕೊಟ್ಟದ್ದರಲ್ಲಿ ನಮ್ಮದೂ ತಪ್ಪಿದೆ, ಆದ್ದರಿಂದ ಹೊಣೆಯೂ ನಮ್ಮದು ಎಂದರು. ಸಾಲ ಕೊಟ್ಟವನು ಹಾಗೆ ಹೇಳಿದ್ದು ಜಗತ್ತಿಗೆ ಹೊಸದು.

ಅದಕ್ಕಿಂತ ದೊಡ್ಡದು ಮುಂದಿದೆ. ಸಾಲಮನ್ನಾವನ್ನು ನೆರವಿನ ಅಂಕಿಗೆ ಸೇರಿಸಿಕೊಳ್ಳಲು ನಿಯಮದಲ್ಲಿ ಅವಕಾಶವಿದೆ. ಇರಾಕ್, ನೈಜೀರಿಯಾಗಳ ಸಾಲ ಮನ್ನಾ ಮಾಡಿದ ಆ ವರ್ಷಗಳಲ್ಲಿ ದೊಡ್ಡ ದೊಡ್ಡ ದೇಶಗಳು ಹಾಗೆ ಸೇರಿಸಿಕೊಂಡೇ ತಮ್ಮ ಅಂಕಿ ಉಬ್ಬಿಸಿಕೊಂಡಿದ್ದವು. ನಾರ್ವೆ ಆ 52 ಕೋಟಿಯನ್ನು ನೆರವೆಂದು ಬರೆದುಕೊಳ್ಳಲಿಲ್ಲ. ಏಳು ದಶಕಗಳ ನಾರ್ವೆಯ ಕೊಡುಗೆಯಲ್ಲಿ ನನಗೆ ಅತ್ಯುತ್ತಮವೆನಿಸುವುದು ಶೇಕಡಾ ಒಂದರ ಲೆಕ್ಕದಲ್ಲಿ ಕಾಣದೇ ಇರುವ ಈ ಮೊತ್ತವೇ.

ಮತ್ತೆ ಲೆಕ್ಕದೊಳಗೆ ಬಂದರೆ ಎಣ್ಣೆ. ಉತ್ತರ ಸಮುದ್ರದ ಎಣ್ಣೆಯಿಂದ ಸಿರಿವಂತವಾದ ನಾರ್ವೆ, ಆ ಹಣವನ್ನು ಕೂಡಿಡುವ ನಿಧಿಯೊಂದನ್ನು 1990ರಲ್ಲಿ ಕಾನೂನು ಮಾಡಿ ಸ್ಥಾಪಿಸಿತು. ಈಗ ಜಗತ್ತಿನ ಷೇರುಪೇಟೆಗಳಲ್ಲಿರುವ ಕಂಪನಿಗಳ ಸುಮಾರು ಶೇ 1.5ರಷ್ಟು ಪಾಲು ಅದರ ಕೈಯಲ್ಲಿದೆ. ಎಣ್ಣೆ ಸಿಕ್ಕಿದ ಬಡ ದೇಶಗಳು ದಿಕ್ಕೆಡದಂತೆ ಕಾನೂನು, ತೆರಿಗೆ, ಪರಿಸರದ ಪಾಠ ಹೇಳುವ ಕಾರ್ಯಕ್ರಮವನ್ನು 2005ರಲ್ಲಿ ಆರಂಭಿಸಿತು. ಹವಾಮಾನದ ಮಾತು ಜೋರಾದ ಮೇಲೆ ಅದನ್ನು ಮುಚ್ಚಿತು. ತಾನು ಮಾತ್ರ ಎಣ್ಣೆ ತೆಗೆಯುವುದನ್ನು ನಿಲ್ಲಿಸಿಲ್ಲ.

ಎಣ್ಣೆ ತೆಗೆದ ಮನಸ್ಸಿನ ಭಾರ ಇಳಿಸುವುದಕ್ಕೋ ಏನೋ, 2007ರ ಬಾಲಿ ಹವಾಮಾನ ಸಮ್ಮೇಳನದಲ್ಲಿ ಪ್ರಧಾನಿ ಯೆನ್ಸ್ ಸ್ಟೋಲ್ಟನ್‌ಬರ್ಗ್ ಉಷ್ಣವಲಯದ ಕಾಡು ಉಳಿಸಲು ವರ್ಷಕ್ಕೆ 300 ಕೋಟಿ ಕ್ರೋನರ್‌ವರೆಗೆ ಕೊಡುವ ಮಾತು ಕೊಟ್ಟರು. ಮರುವರ್ಷ ಬ್ರೆಜಿಲ್‌ನಲ್ಲಿ ಅಮೆಜಾನ್ ನಿಧಿ ಶುರುವಾಯಿತು. ಮೊದಲ ಹತ್ತು ವರ್ಷ ಅದಕ್ಕೆ ಬಂದ ಹಣದಲ್ಲಿ ಶೇ 90ಕ್ಕೂ ಹೆಚ್ಚು ನಾರ್ವೆಯದಾಗಿತ್ತು. ವಿನ್ಯಾಸ ಜಾಣತನದ್ದು. ಹಣ ಮೊದಲು ಕೊಟ್ಟು ಕೆಲಸಕ್ಕೆ ಕಾಯುವುದಿಲ್ಲ, ಕಾಡು ಕಡಿಯುವುದು ಎಷ್ಟು ಇಳಿದಿದೆಯೋ ಅಷ್ಟಕ್ಕೆ ಹಣ. ಹೇಗೆ ಖರ್ಚು ಮಾಡಬೇಕೆಂಬುದು ಬ್ರೆಜಿಲ್ಲಿನ ಅಭಿವೃದ್ಧಿ ಬ್ಯಾಂಕಿಗೆ ಬಿಟ್ಟದ್ದು. ನೀಂಡಕರದಲ್ಲಿ ಕಲಿಯದ್ದನ್ನು ಇಲ್ಲಿ ಕಲಿತರು ಎನ್ನಬಹುದು. ಒಂದೇ ತೊಡಕೆಂದರೆ, 2004ರಲ್ಲಿ 27,000 ಚದರ ಕಿಲೋಮೀಟರ್ ದಾಟಿದ್ದ ಅಮೆಜಾನ್ ಕಾಡುನಾಶ ಇಳಿಯಲು ಶುರುವಾದದ್ದು ನಿಧಿ ಹುಟ್ಟುವ ಮೊದಲೇ, ಬ್ರೆಜಿಲ್ ತನ್ನದೇ ಕಾನೂನು, ಉಪಗ್ರಹ ನಿಗಾ, ದಂಡಗಳಿಂದ ಅದನ್ನು ಹತೋಟಿಗೆ ತಂದಾಗ. 2012ರ ಹೊತ್ತಿಗೆ ಅದು ಸುಮಾರು 4,600ಕ್ಕೆ ಇಳಿದಿತ್ತು. ಬೋಲ್ಸನಾರೊ ಅಧ್ಯಕ್ಷರಾಗಿ ಬಂದು ಆ ಕಾನೂನುಗಳನ್ನು ಸಡಿಲಬಿಟ್ಟಾಗ ನಾರ್ವೆಯ ಹಣ ಏನನ್ನೂ ತಡೆಯಲಾಗಲಿಲ್ಲ. 2019ರಲ್ಲಿ ನಿಧಿ ಸ್ಥಗಿತವಾಯಿತು, 2021ರಲ್ಲಿ ಕಾಡುನಾಶ ಮತ್ತೆ 13,000 ಮುಟ್ಟಿತು. ತಿಮಿಂಗಿಲ ಕೊಲ್ಲುವವರು ನಮಗೆ ಪಾಠ ಹೇಳುತ್ತಾರೆಯೇ ಎಂಬ ಅರ್ಥದಲ್ಲಿ ಬೋಲ್ಸನಾರೊ ಲೇವಡಿ ಮಾಡಿದಾಗ ಮಾತು ಒರಟಾಗಿತ್ತು, ಆದರೆ ಪೂರ್ತಿ ಹುರುಳಿಲ್ಲದ್ದೂ ಆಗಿರಲಿಲ್ಲ. 2023ರಲ್ಲಿ ಲುಲಾ ಅಧ್ಯಕ್ಷರಾಗಿ ಮರಳಿದ ಮೇಲೆ ನಿಧಿಗೆ ಜೀವ ಬಂತು.

ತಿಮಿಂಗಿಲಕ್ಕಿಂತ ಹತ್ತಿರದ ಉದಾಹರಣೆ ಅಮೆಜಾನಿನಲ್ಲೇ ಇತ್ತು. ಪಾರಾ ರಾಜ್ಯದ ಬಾರ್ಕರೇನಾದಲ್ಲಿರುವ ಅಲ್ಯೂಮಿನಾ ಕಾರ್ಖಾನೆಯ ಬಹುಪಾಲು ಒಡೆತನ ನಾರ್ಸ್ಕ್ ಹೈಡ್ರೋ ಕಂಪನಿಯದು. ಆ ಕಂಪನಿಯಲ್ಲಿ ಮೂರನೇ ಒಂದು ಭಾಗಕ್ಕಿಂತ ತುಸು ಹೆಚ್ಚು ನಾರ್ವೆ ಸರ್ಕಾರದ ಪಾಲು. 2018ರ ಫೆಬ್ರುವರಿಯ ದೊಡ್ಡ ಮಳೆಯಲ್ಲಿ ಅಲ್ಲಿಂದ ಅನುಮತಿಯಿಲ್ಲದೆ ನದಿಗೆ ನೀರು ಬಿಟ್ಟದ್ದು ಬಯಲಾಗಿ ಕಂಪನಿ ಕ್ಷಮೆ ಕೇಳಿತು. ಉತ್ಪಾದನೆಯನ್ನು ಅರ್ಧಕ್ಕೆ ಇಳಿಸುವಂತೆ ಆದೇಶವಾಯಿತು. ಒಂದೇ ರಾಜ್ಯದಲ್ಲಿ ಒಂದು ಕೈ ಕಾಡಿಗೆ ಹಣ ಕೊಡುತ್ತಿದೆ, ಇನ್ನೊಂದು ಕೈ ಬಾಕ್ಸೈಟಿನಿಂದ ಹಣ ತೆಗೆಯುತ್ತಿದೆ. ನೆರವಿನ ವರದಿಯಲ್ಲಿ ಮೊದಲ ಕೈಯಷ್ಟೇ ಕಾಣುತ್ತದೆ.

ಇನ್ನು ಶೇಕಡಾ ಎಂಬ ಅಳತೆಯ ಆಟ. ವಿಶ್ವಸಂಸ್ಥೆಯ ಮಹಾಸಭೆ 1970ರಲ್ಲಿ ಶೇ 0.7ರ ಗುರಿ ಇಟ್ಟಿತು, ನಾರ್ವೆ 1976ರಲ್ಲಿ ಮುಟ್ಟಿತು, ಮುಂದೆ ತಾನೇ ಒಂದಕ್ಕೆ ಏರಿಸಿಕೊಂಡಿತು. ಇಂಥ ಗುರಿಯ ಗುಣವೂ ದೋಷವೂ ಒಂದೇ, ಅದನ್ನು ಪ್ರತಿವರ್ಷ ತುಂಬಲೇಬೇಕು. ತುಂಬಲು ಏನೇನು ಹಾಕಬಹುದು ಎಂಬ ಪ್ರಶ್ನೆ ಆಗ ಏಳುತ್ತದೆ. ನಿಯಮದ ಪ್ರಕಾರ ಸ್ವಂತ ದೇಶಕ್ಕೆ ಬಂದ ನಿರಾಶ್ರಿತರಿಗೆ ಮೊದಲ ಹನ್ನೆರಡು ತಿಂಗಳು ಮಾಡಿದ ಖರ್ಚೂ ವಿದೇಶಿ ನೆರವೇ! ಸಿರಿಯಾದವರು ಬಂದ ಮರುವರ್ಷ, 2016ರಲ್ಲಿ, ನಾರ್ವೆಯ ನೆರವು ಶೇ 1.12ಕ್ಕೆ ಏರಿ ಶಹಬ್ಬಾಸ್ ಎನಿಸಿಕೊಂಡಿತು. ಅದರಲ್ಲಿ ಸುಮಾರು ಶೇ 18ರಷ್ಟು ಹಣ ನಾರ್ವೆಯ ಗಡಿ ದಾಟಿಯೇ ಇರಲಿಲ್ಲ. 2022ರ ಮೇ ತಿಂಗಳಲ್ಲೂ ಉಕ್ರೇನಿನಿಂದ ಬಂದವರ ಊಟ ವಸತಿಗೆಂದು ವಿಶ್ವಸಂಸ್ಥೆಯ ಅಂಗಸಂಸ್ಥೆಗಳ ಪಾಲನ್ನು ಕಡಿಯುವ ಪ್ರಸ್ತಾವ ಬಂದು ಗದ್ದಲವಾಯಿತು. ಆಫ್ರಿಕಾದ ಬಡವನ ಪಾಲಿನಿಂದ ಉಕ್ರೇನಿನ ಅತಿಥಿಗೆ ಬಡಿಸುವುದು ಎಂಥ ಉದಾರತೆ ಎಂದು ಅಲ್ಲಿನ ಸ್ವಯಂಸೇವಾ ಸಂಸ್ಥೆಗಳೇ ಕೇಳಿದವು.

ಅದೇ ವರ್ಷದ ಇನ್ನೊಂದು ಲೆಕ್ಕ ಇನ್ನೂ ಮುಜುಗರದ್ದು. ರಷ್ಯಾದ ಅನಿಲ ನಿಂತದ್ದರಿಂದ ಯುರೋಪಿನಲ್ಲಿ ಅನಿಲದ ಬೆಲೆ ಗಗನಕ್ಕೇರಿತು. ಮಾರಲು ಹತ್ತಿರದಲ್ಲಿದ್ದದ್ದು ನಾರ್ವೆ. ಎಣ್ಣೆ ಮತ್ತು ಅನಿಲದಿಂದ ಸರ್ಕಾರಕ್ಕೆ ಬಂದ ಆದಾಯ 1.2 ಲಕ್ಷ ಕೋಟಿ ಕ್ರೋನರ್ ದಾಟಿತು. ನೆರವು ಸುಮಾರು 4,900 ಕೋಟಿ. ಕ್ರೋನರ್ ಲೆಕ್ಕದಲ್ಲಿ ಅದು ಹಿಂದೆಂದಿಗಿಂತ ಹೆಚ್ಚು, ಆದರೆ ಭಾಗಿಸುವ ಆದಾಯ ಅದಕ್ಕಿಂತ ವೇಗವಾಗಿ ಉಬ್ಬಿದ್ದರಿಂದ ಪಾಲು ಶೇ 0.86ಕ್ಕೆ ಇಳಿಯಿತು. ಯುದ್ಧದಿಂದ ಲಾಭ ಮಾಡಿಕೊಂಡಿರಿ ಎಂಬ ಮಾತು ವಾರ್ಸಾದಿಂದಲೂ ಬಂತು, ಓಸ್ಲೋದ ಪತ್ರಿಕೆಗಳಲ್ಲೂ ಬಂತು. 2023ರಲ್ಲಿ ಉಕ್ರೇನಿಗೆಂದು ಐದು ವರ್ಷಕ್ಕೆ 7,500 ಕೋಟಿ ಕ್ರೋನರಿನ ನಾನ್ಸೆನ್ ಕಾರ್ಯಕ್ರಮ ಘೋಷಣೆಯಾಯಿತು, ಆಮೇಲೆ ಅದನ್ನು ಇನ್ನಷ್ಟು ಏರಿಸಿದರು. ಇದರ ನಾಗರಿಕ ಭಾಗ ನೆರವಿನ ಲೆಕ್ಕಕ್ಕೆ ಬರುತ್ತದೆ, ಶಸ್ತ್ರಾಸ್ತ್ರದ ಭಾಗ ಬರುವುದಿಲ್ಲ. ಉಕ್ರೇನ್ ನಾರ್ವೆಯ ಅತಿ ದೊಡ್ಡ ಫಲಾನುಭವಿಯಾಯಿತು, ಪಾಲು ಶೇ 1.09ಕ್ಕೆ ಹಿಂದಿರುಗಿತು. ಉಕ್ರೇನಿಗೆ ಕೊಟ್ಟದ್ದು ತಪ್ಪೆನ್ನುವವನು ನಾನಲ್ಲ. ಆದರೆ ಆ 2023ರಲ್ಲಿ ಎಣ್ಣೆ ನಿಧಿಗೆ ಷೇರು, ಸಾಲಪತ್ರಗಳಿಂದ ಬಂದ ಪ್ರತಿಫಲವೇ ಸುಮಾರು 2.2 ಲಕ್ಷ ಕೋಟಿ ಕ್ರೋನರ್. ಅದರ ಮುಂದೆ ಇಡೀ ವರ್ಷದ ನೆರವು ನೂರಕ್ಕೆ ಮೂರಕ್ಕಿಂತ ಕಡಿಮೆ. ಆದಾಯದ ಶೇಕಡಾವಾರು ಹೇಳುವ ದೇಶ ಆಸ್ತಿಯ ಶೇಕಡಾವಾರು ಹೇಳುವುದಿಲ್ಲ.

ದಾನ ಕೊಟ್ಟ ಎಮ್ಮೆಯ ಹಲ್ಲು ಎಣಿಸಬಾರದು ಎನ್ನುವವರಿಗೆ, ಒಮ್ಮೆ ಎಮ್ಮೆಯೇ ಬೇಡ ಎಂದ ದೇಶ ನಮ್ಮದು ಎಂದು ನೆನಪಿಸಬೇಕು. 2003ರ ಬಜೆಟ್ ಭಾಷಣದಲ್ಲಿ ಹಣಕಾಸು ಸಚಿವ ಜಸ್ವಂತ್ ಸಿಂಗ್ ಸಣ್ಣ ದೇಶಗಳ ದ್ವಿಪಕ್ಷೀಯ ನೆರವಿಗೆ ಇನ್ನು ಮುಂದೆ ವಿದಾಯ ಎಂದರು. ಅಮೆರಿಕ, ಬ್ರಿಟನ್, ಜಪಾನ್, ಜರ್ಮನಿ, ರಷ್ಯಾ ಮತ್ತು ಐರೋಪ್ಯ ಒಕ್ಕೂಟ ಉಳಿದವು. ನಾರ್ವೆ, ಸ್ವೀಡನ್, ಡೆನ್ಮಾರ್ಕ್, ನೆದರ್‌ಲೆಂಡ್ಸ್ ಸೇರಿ 22 ದಾನಿಗಳಿಗೆ ಬಾಗಿಲು ಹಾಕಲಾಯಿತು. 1998ರ ಪೋಖರಣ್ ಸ್ಫೋಟದ ನಂತರ ಈ ಪುಟ್ಟ ದೇಶಗಳು ಕೊಟ್ಟ ನೀತಿಬೋಧೆ ದಿಲ್ಲಿಗೆ ರುಚಿಸಿರಲಿಲ್ಲ. ಹೆಮ್ಮೆಯ ಮಾತು ಸರಿ, ಆದರೆ ಹೆಮ್ಮೆ ಪಟ್ಟವರು ಬೇರೆ, ಕಳೆದುಕೊಂಡವರು ಬೇರೆ. ಡೆನ್ಮಾರ್ಕಿನ ಹಣದಲ್ಲಿ 1982ರಿಂದ ಕರ್ನಾಟಕದ ರೈತ ಮಹಿಳೆಯರಿಗೆ ಡಾನಿಡಾ ತರಬೇತಿ ನಡೆದಿತ್ತು. ಡಚ್ಚರ ಹಣದಲ್ಲಿ 1989ರಲ್ಲಿ ಶುರುವಾದ ಮಹಿಳಾ ಸಮಖ್ಯಾ ನಮ್ಮ ಹಳ್ಳಿಗಳ ಸಂಘಗಳಲ್ಲಿ ಹೆಂಗಸರನ್ನು ಎದ್ದು ಮಾತಾಡುವಂತೆ ಮಾಡಿತ್ತು. ದೊಡ್ಡ ದಾನಿಗಳ ಸಾಲದಲ್ಲಿ ಇಂಥವಕ್ಕೆ ಜಾಗ ಸಿಗುವುದು ಅಪರೂಪ.

ಬಾಗಿಲು ಮುಚ್ಚಿದ ಮೇಲೆ ನಾರ್ವೆ ಕಿಟಕಿಯಿಂದ ಬಂತು. ಹಾಗೆ ಬಂದದ್ದು ಅದರ ಒಳ್ಳೆಯ ಕೆಲಸಗಳಲ್ಲೊಂದಾಯಿತು. 2006ರಲ್ಲಿ ಮನಮೋಹನ್ ಸಿಂಗ್ ಮತ್ತು ಸ್ಟೋಲ್ಟನ್‌ಬರ್ಗ್ ಕೈಗೂಡಿಸಿ ಶಿಶುಮರಣ ತಗ್ಗಿಸುವ ಪಾಲುದಾರಿಕೆ ಆರಂಭಿಸಿದರು. ಬಿಹಾರ, ಒಡಿಶಾ, ಮಧ್ಯಪ್ರದೇಶ, ರಾಜಸ್ಥಾನಗಳ ಆಯ್ದ ಜಿಲ್ಲೆಗಳಲ್ಲಿ ಕೆಲಸ ನಡೆಯಿತು. ಅಲ್ಲಿ ಹೊಸ ಕಟ್ಟಡವಿಲ್ಲ, ನಾರ್ವೆಯಿಂದ ಬಂದ ಯಂತ್ರವಿಲ್ಲ. ಭಾರತ ಸರ್ಕಾರದ ಗ್ರಾಮೀಣ ಆರೋಗ್ಯ ಅಭಿಯಾನದ ಒಳಗೇ ಕೂತು, ಅದಕ್ಕೆ ಧೈರ್ಯ ಸಾಲದ ಸಣ್ಣ ಪ್ರಯೋಗಗಳಿಗೆ ಹಣ ಕೊಟ್ಟರು. ಅದರಲ್ಲೊಂದು ‘ಯಶೋದಾ’. ಜಿಲ್ಲಾ ಆಸ್ಪತ್ರೆಯ ಹೆರಿಗೆ ವಾರ್ಡಿಗೆ ಮೊದಲ ಸಲ ಬಂದ ಹಳ್ಳಿಯ ಹುಡುಗಿ ಹಾಸಿಗೆಯ ತುದಿಯಲ್ಲಿ ಮುದುಡಿ ಕೂತಿರುತ್ತಾಳೆ. ಡಾಕ್ಟರಿಗೆ ಪುರಸೊತ್ತಿಲ್ಲ, ನರ್ಸು ಗದರುತ್ತಾಳೆ. ಅವಳ ಪಕ್ಕ ಕೂತು ಮಗುವನ್ನು ಬೆಚ್ಚಗೆ ಸುತ್ತುವುದು, ಹಾಲು ಕುಡಿಸುವುದು, ಲಸಿಕೆ ಹಾಕಿಸುವುದನ್ನು ಹೇಳಿಕೊಡಲು, ಎರಡು ದಿನವಾದರೂ ಆಸ್ಪತ್ರೆಯಲ್ಲೇ ಇರುವಂತೆ ಒಪ್ಪಿಸಲು ಅದೇ ಸೀಮೆಯ ಒಬ್ಬ ಹೆಂಗಸಿಗೆ ಸಣ್ಣ ಸಂಭಾವನೆ. ನಾರ್ವೆಯ ಮನೆಯಲ್ಲಿ ಹೇರಳವಾಗಿದ್ದ ಯಾವ ಸರಕೂ ಇದಕ್ಕೆ ಬೇಕಾಗಲಿಲ್ಲ. ಬೇಕಾದದ್ದು ಹಣ, ಜತೆಗೆ ಅದನ್ನು ಹೀಗೆಯೇ ಬಳಸಿ ಎಂದು ಹಟ ಹಿಡಿಯದ ಸ್ವಭಾವ.

ಇನ್ನೊಂದು ಗುಣ ಹೇಳದಿದ್ದರೆ ವಿಮರ್ಶೆ ಏಕಪಕ್ಷೀಯವಾದೀತು. ಈ ದೇಶ ತನ್ನ ಸೋಲನ್ನು ತಾನೇ ಅಚ್ಚು ಹಾಕಿಸುತ್ತದೆ. ತನ್ನ ಮಧ್ಯಸ್ಥಿಕೆಯಲ್ಲಿ ನಡೆದ ಶ್ರೀಲಂಕಾದ ಸಂಧಾನ ಮುರಿದು ಯುದ್ಧ ಭೀಕರವಾಗಿ ಮುಗಿದ ಎರಡು ವರ್ಷಕ್ಕೆ, 2011ರಲ್ಲಿ, ನೊರಾಡ್ ಹೊರಗಿನವರಿಂದ ಮೌಲ್ಯಮಾಪನ ಮಾಡಿಸಿ, ಎರಡೂ ಕಡೆಯವರು ನಾರ್ವೆಯನ್ನು ಹೇಗೆ ದಾಳವಾಗಿಸಿಕೊಂಡರು ಎಂಬ ವರದಿಯನ್ನು ಬಹಿರಂಗವಾಗಿ ಪ್ರಕಟಿಸಿತು. ಬಡ ದೇಶಗಳಲ್ಲಿ ಬಂಡವಾಳ ಹೂಡುವ ನಾರ್ಫಂಡ್ 2020ರಲ್ಲಿ ಕಾಂಬೋಡಿಯಾಕ್ಕೆ ಹೋಗಬೇಕಿದ್ದ ಒಂದು ಕೋಟಿ ಡಾಲರನ್ನು ಇಮೇಲ್ ವಂಚಕರ ಮಾತು ನಂಬಿ ಮೆಕ್ಸಿಕೋದ ಖಾತೆಗೆ ಹಾಕಿತು. ನಮ್ಮಲ್ಲಾಗಿದ್ದರೆ ತನಿಖಾ ಸಮಿತಿ, ಗೋಪ್ಯ ಕಡತ. ಅಲ್ಲಿ ಸಂಸ್ಥೆಯೇ ಪತ್ರಿಕೆಗಳ ಮುಂದೆ ಬಂದು ಹೀಗಾಯಿತು ಎಂದಿತು. 2024ರ ಜನವರಿಯಲ್ಲಿ ಪ್ಯಾಲೆಸ್ತೀನ್ ನಿರಾಶ್ರಿತರಿಗಾಗಿ ಇರುವ ವಿಶ್ವಸಂಸ್ಥೆಯ ಯುಎನ್‌ಆರ್‌ಡಬ್ಲ್ಯುಎ ಸಂಸ್ಥೆಗೆ ಅಮೆರಿಕ, ಬ್ರಿಟನ್, ಜರ್ಮನಿ ಹಣ ತಡೆದಾಗ ತಾನು ತಡೆಯುವುದಿಲ್ಲವೆಂದು ನಿಂತದ್ದೂ ನಾರ್ವೆ. ಸಣ್ಣ ದೇಶಕ್ಕೆ ಇರುವ ಸ್ವಾತಂತ್ರ್ಯವನ್ನು ಅದು ಬಳಸಿಕೊಳ್ಳುವುದು ಇಂಥ ಹೊತ್ತಿನಲ್ಲಿ.

2023ರಲ್ಲಿ ಸರ್ಕಾರವೇ ನೇಮಿಸಿದ ತಜ್ಞರ ಸಮಿತಿಯೊಂದು ನೆರವಿನ ಲೆಕ್ಕವನ್ನು ಎರಡು ಖಾತೆಯಾಗಿ ಒಡೆಯಲು ಸಲಹೆ ಮಾಡಿತು. ಒಂದರಲ್ಲಿ ಬಡ ದೇಶಗಳ ಬಡತನಕ್ಕೆ ಕೊಡುವುದು, ಆದಾಯದ ಶೇ 0.7. ಹವಾಮಾನ, ಸಾಂಕ್ರಾಮಿಕ ರೋಗಗಳಂತಹ, ನಾರ್ವೆಯೂ ಫಲಾನುಭವಿಯಾಗಿರುವ ಜಾಗತಿಕ ಕೆಲಸಗಳು ಇನ್ನೊಂದರಲ್ಲಿ. ನನ್ನ ಮಟ್ಟಿಗೆ ಇದು ಈ ವಿಷಯದಲ್ಲಿ ಬಂದ ಅತ್ಯಂತ ಪ್ರಾಮಾಣಿಕ ಸಲಹೆ. ಕಾಡು ಉಳಿಸುವುದು, ಲಸಿಕೆ ಕಂಡುಹಿಡಿಯುವುದು ಎಲ್ಲರಿಗೂ ಬೇಕು. ಹಾಗೆಂದ ಮೇಲೆ ಅದನ್ನು ಮಲಾವಿಯ ರೈತನ ಹೆಸರಿಗೆ ಖರ್ಚು ಹಾಕುವುದು ಏಕೆ? ನಿರಾಶ್ರಿತರ ವೆಚ್ಚ ಎರಡೂ ಖಾತೆಗಳಿಂದ ಆಚೆ, ಗೃಹ ಇಲಾಖೆಯ ಬಜೆಟ್ಟಿನಲ್ಲಿ ಇರಲಿ. ಹೀಗೆ ಒಡೆದರೆ ಮೊದಲ ಖಾತೆಯಲ್ಲಿ ಎಷ್ಟು ಉಳಿಯುತ್ತದೆ ಎಂಬುದು ಎಲ್ಲರಿಗೂ ಕಾಣುತ್ತದೆ. ಶೇಕಡಾ ಒಂದನ್ನು ಒಂದೇ ಅಂಕಿಯಾಗಿ ಹೇಳುವ ರೂಢಿಯನ್ನು ಬಿಡಲು ಓಸ್ಲೋದ ಸರ್ಕಾರಗಳು ಆತುರ ತೋರದಿರುವುದಕ್ಕೆ ಅದೇ ಕಾರಣವಿರಬೇಕು.